ಮೂಲ್ಕಿಗೆ ಒಬ್ಬಳೇ ಹೋಗಬಹುದೇ?

ಪ್ರಶ್ನೆ: ನನಗೆ 36 ವರ್ಷ. ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಮದುವೆಯಾಗಿಲ್ಲ, ಅಮ್ಮನ ಜೊತೆ ಇದ್ದೇನೆ. ಸಮುದ್ರ ನೋಡಿದ್ದು ಎರಡೇ ಸಲ. ಎರಡೂ ಸಲ ಶಾಲೆಯ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದಿದ್ದೆ, ತಲೆ ಎಣಿಸುವುದರಲ್ಲೇ ದಿನ ಮುಗಿಯಿತು. ಈ ರಜೆಯಲ್ಲಿ ಮೂಲ್ಕಿಯಲ್ಲಿ ಒಂದು ವಾರ ಇದ್ದು, ಹಲಗೆಯ ಮೇಲೆ ನಿಂತು ಅಲೆ ಸವಾರಿ ಮಾಡುವ ಸರ್ಫಿಂಗ್ ಕಲಿಯುವ ಆಸೆ. ‘ಒಬ್ಬಳೇ ಹೋಗಿ ಅಲ್ಲೇನು ಮಾಡ್ತೀಯ?’ ಎಂದು ಅಮ್ಮ ಕೇಳುತ್ತಾಳೆ. ನನಗೆ ಈಜು ಬರುವುದಿಲ್ಲ, ಮೀನು ತಿನ್ನುವುದಿಲ್ಲ. ಹೋಗಬಹುದೇ?
– ಒಬ್ಬ ಶಿಕ್ಷಕಿ, ದಾವಣಗೆರೆ

ಉತ್ತರ: ಹೋಗಿ. ಆದರೆ ಈ ರಜೆಗಲ್ಲ, ಮುಂದಿನ ರಜೆಗೆ. ನಡುವೆ ಎರಡು ಮೂರು ತಿಂಗಳು ನಿಮ್ಮೂರಿನ ಈಜುಕೊಳಕ್ಕೆ ಸೇರಿಕೊಳ್ಳಿ. ಅಂಗಾತ ಮಲಗಿ ಐದು ನಿಮಿಷ ತೇಲುವುದು, ಮುಖಕ್ಕೆ ನೀರು ನುಗ್ಗಿದಾಗ ಉಸಿರು ತಪ್ಪದೆ ಇರುವುದು, ಇವೆರಡು ಬಂದರೆ ಸಾಕು. ಸರ್ಫಿಂಗ್ ಕಲಿಸುವವರು ಹೊಸಬರನ್ನು ಸೊಂಟದಾಳದ ನೀರಿನಲ್ಲೇ ನಿಲ್ಲಿಸುತ್ತಾರೆ. ಈಜು ಬಾರದವರನ್ನೂ ಕೈಹಿಡಿದು ಇಳಿಸುವವರಿದ್ದಾರೆ. ಹಾಗಿದ್ದರೂ ಸೊಂಟದಾಳದಲ್ಲಿ ನಿಂತವರ ಕಾಲಡಿಯ ಮರಳನ್ನು ಸಮುದ್ರ ಹೇಗೆ ಎಳೆದುಕೊಳ್ಳುತ್ತದೆ ಎಂಬುದನ್ನು ನಾನು ಅನುಭವಿಸಿದ್ದೇನೆ. ಅದನ್ನು ಮುಂದೆ ಹೇಳುತ್ತೇನೆ.

ನಾನು ಮೂಲ್ಕಿಗೆ ಒಬ್ಬಳೇ ಹೋಗಿದ್ದು 44ನೇ ವಯಸ್ಸಿನಲ್ಲಿ, ಜನವರಿಯಲ್ಲಿ. ಐದು ದಿನ ಇರಬೇಕೆಂದು ಹೋದವಳು ಹನ್ನೊಂದು ದಿನ ಇದ್ದೆ. ಅದಕ್ಕೂ ಹಿಂದಿನ ವರ್ಷ ಇದೇ ಕರಾವಳಿಯ ಇನ್ನೊಂದು ಊರಿನ ಲಾಡ್ಜಿನಲ್ಲಿ ‘ಸಿಂಗಲ್ ಲೇಡೀಸ್‌ಗೆ ರೂಮ್ ಕೊಡುವುದಿಲ್ಲ’ ಎಂದು ರಾತ್ರಿ ಎಂಟು ಗಂಟೆಗೆ ಹೊರಗೆ ಕಳಿಸಿದ್ದರು. ಬ್ಯಾಗು ಹಿಡಿದು ಬಸ್‌ಸ್ಟ್ಯಾಂಡಿನ ಬೆಂಚಿನಲ್ಲಿ ಕೂತು ಅತ್ತಿದ್ದೆ. ಆದ್ದರಿಂದ ನಿಮಗೆ ಮೊದಲ ಮಾತು: ಹೊರಡುವ ಮೊದಲೇ ಫೋನ್ ಮಾಡಿ, ‘ನಾನು ಒಬ್ಬಳೇ ಬರುವುದು, ಇಷ್ಟು ದಿನ ಇರುತ್ತೇನೆ’ ಎಂದು ನೇರವಾಗಿ ಹೇಳಿ. ಆ ಕಡೆಯ ದನಿ ಒಂದು ಕ್ಷಣ ತಡವರಿಸಿದರೂ ಆ ಜಾಗ ಬೇಡ. ಮನೆಯವರೇ ವಾಸವಿದ್ದು ಒಂದೆರಡು ಕೋಣೆ ಬಾಡಿಗೆಗೆ ಕೊಡುವ ಕಡೆ ಇಳಿದುಕೊಳ್ಳಿ. ನಾನಿದ್ದದ್ದು ಶಾಂಭವಿ ನದಿಯ ದಂಡೆಯ ಹಂಚಿನ ಮನೆಯಲ್ಲಿ. ಮನೆಯ ಅಮ್ಮನಿಗೆ ಅರವತ್ತೈದರ ಮೇಲೆ. ಮೊದಲ ದಿನವೇ, ‘ಒಬ್ರೇ ಬಂದದ್ದಾ? ಒಳ್ಳೆದಾಯ್ತು, ನಾನೂ ಒಬ್ಳೇ ಇರುದು’ ಎಂದರು. ಒಬ್ಬಳೇ ಬಂದೆಯಾ ಎಂಬ ಪ್ರಶ್ನೆ ಅಷ್ಟು ಹಗುರವಾಗಿ ಕಿವಿಗೆ ಬಿದ್ದದ್ದು ಅದೇ ಮೊದಲು.

ಊರು ಹೇಗಿದೆ ಎಂದರೆ, ಮಂಗಳೂರು ಮತ್ತು ಉಡುಪಿಯ ಹೆಚ್ಚುಕಡಿಮೆ ನಡುವೆ, ಹೆದ್ದಾರಿ 66ರ ಮೇಲೆ ಇದೆ. ಹೆದ್ದಾರಿಯಲ್ಲಿ ಬಸ್ಸಿನಿಂದ ಇಳಿದಾಗ ಇದೇನು ಗದ್ದಲ ಅನ್ನಿಸುತ್ತದೆ. ಪಡುವಣಕ್ಕೆ ಹತ್ತು ನಿಮಿಷ ನಡೆದರೆ ತೆಂಗಿನ ತೋಟ, ನದಿ, ಮೌನ. ನೀವು ಶಿವಮೊಗ್ಗ, ತೀರ್ಥಹಳ್ಳಿ ಮೇಲೆ ಆಗುಂಬೆ ಘಾಟಿ ಇಳಿದು ಉಡುಪಿಗೆ ಬನ್ನಿ. ಅಲ್ಲಿಂದ ಮಂಗಳೂರಿನ ಬಸ್ಸು ಹತ್ತಿದರೆ ಕಟಪಾಡಿ, ಕಾಪು, ಉಚ್ಚಿಲ, ಪಡುಬಿದ್ರಿ, ಹೆಜಮಾಡಿ ಆದಮೇಲೆ ಶಾಂಭವಿಯ ಸೇತುವೆ ದಾಟಿದ ಕೂಡಲೇ ಮೂಲ್ಕಿ. ಕೊಂಕಣ ರೈಲ್ವೆಯ ನಿಲ್ದಾಣವೂ ಇದೆ, ಎಲ್ಲ ರೈಲೂ ನಿಲ್ಲುವುದಿಲ್ಲ.

ಇಂಥ ಊರಿಗೆ ಸರ್ಫಿಂಗ್ ಹೇಗೆ ಬಂತು ಎಂದು ನನಗೂ ಕುತೂಹಲವಿತ್ತು. ಅಮೆರಿಕದಿಂದ ಬಂದು ವೈಷ್ಣವ ಸನ್ಯಾಸಿಯಾದ ಜ್ಯಾಕ್ ಹೆಬ್ನರ್ ಮತ್ತು ಅವರ ಶಿಷ್ಯರ ಆಶ್ರಮ ಇಲ್ಲಿತ್ತು. ಅಲ್ಲಿಂದ 2004ರಲ್ಲಿ ಹುಟ್ಟಿದ್ದು ಮಂತ್ರ ಸರ್ಫ್ ಕ್ಲಬ್. ಬೆಳಗಿನ ಜಪ ಮುಗಿಸಿ ಹಲಗೆ ಹಿಡಿದು ಕಡಲಿಗೆ ಹೋಗುವ ಸ್ವಾಮಿಗಳನ್ನು ಊರು ಮೊದಲು ಬೆರಗಿನಿಂದ ನೋಡಿತು, ಆಮೇಲೆ ಊರಿನ ಹುಡುಗರೇ ಹಲಗೆ ಹಿಡಿದರು. ಹಲಗೆಯ ಮೇಲೆ ನಿಂತು ಹುಟ್ಟು ಹಾಕುವ ಸ್ಟ್ಯಾಂಡ್‌ಅಪ್ ಪ್ಯಾಡಲ್ ಸ್ಪರ್ಧೆಗಳಲ್ಲಿ ಹೆಸರು ಮಾಡಿದ ತನ್ವಿ ಜಗದೀಶ್ ಕಲಿತದ್ದೂ ಈ ನೀರಿನಲ್ಲೇ. 2016ರಲ್ಲಿ ಪಕ್ಕದ ಸಸಿಹಿತ್ಲುವಿನಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ನಡೆಯಿತು. 2024ರಲ್ಲೂ ಅಲ್ಲೇ ನಡೆಯಿತು. ಆದರೆ ಸ್ಪರ್ಧೆಯ ಅಲೆ ಮಳೆಗಾಲದ ಹೊಸ್ತಿಲಿನದು, ನಿಮ್ಮಂಥ ಹೊಸಬರಿಗಲ್ಲ. ನಿಮಗೆ ನವರಾತ್ರಿ ಕಳೆದು ಕಡಲು ತಣ್ಣಗಾದ ಮೇಲಿನ ದಿನಗಳು, ಅದರಲ್ಲೂ ಡಿಸೆಂಬರ್‌ನಿಂದ ಫೆಬ್ರವರಿ, ಹೇಳಿ ಮಾಡಿಸಿದಂಥವು.

ಬೆಳಿಗ್ಗೆ ಆರೂವರೆ, ಏಳಕ್ಕೆಲ್ಲ ನೀರಿಗೆ ಇಳಿಸುತ್ತಾರೆ. ಯಾಕೆ ಅಷ್ಟು ಬೇಗ ಎಂದು ಕೇಳಿದ್ದೆ. ಬೆಳಗಿನ ಜಾವ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ, ಅಲೆಯ ಮುಖ ನುಣುಪಾಗಿ ನಿಲ್ಲುತ್ತದೆ. ಬಿಸಿಲೇರಿ ನೆಲ ಕಾದ ಮೇಲೆ ಗಾಳಿ ತಿರುಗಿ ಕಡಲಿನಿಂದ ಬೀಸತೊಡಗುತ್ತದೆ, ಅಲೆಯೆಲ್ಲ ಕಲಕಿ ಹೋಗುತ್ತದೆ. ನೀವು ಗಣಿತದವರು, ಇನ್ನೂ ಒಂದು ಲೆಕ್ಕ ಕೇಳಿ: ಅಲೆ ತನ್ನ ಎತ್ತರದ ಸುಮಾರು 1.3 ಪಟ್ಟು ಆಳದ ನೀರಿಗೆ ಬಂದಾಗ ಮಗುಚುತ್ತದೆ. ಒಂದು ಮೀಟರಿನ ಅಲೆ ನಿಮ್ಮ ಎದೆ, ಕುತ್ತಿಗೆ ಮುಳುಗುವಷ್ಟು ನೀರಿನಲ್ಲಿ ಒಡೆಯುತ್ತದೆ ಎಂದಾಯಿತು. ದಡದಲ್ಲಿ ಕೂತು ಅಲೆ ಒಡೆಯುವ ಜಾಗ ನೋಡಿದರೆ ನೀರಿನ ಕೆಳಗಿನ ಮರಳದಿಬ್ಬ ಎಲ್ಲಿದೆ ಎಂದು ಗೊತ್ತಾಗುತ್ತದೆ. ಮೊದಲ ಎರಡು ದಿನ ನಾನು ಹಲಗೆಯ ಮೇಲೆ ಕಳೆದಷ್ಟೇ ಹೊತ್ತನ್ನು ಹೀಗೆ ನೋಡುತ್ತ ಕಳೆದೆ. ನೀವೂ ಹಾಗೇ ಮಾಡಿ.

ಹಲಗೆ ಎಂಟೊಂಬತ್ತು ಅಡಿ ಉದ್ದದ, ಮೇಲೆ ಮೆತ್ತಗಿನ ಹೊದಿಕೆ ಇರುವಂಥದ್ದು. ಹಿಂದಿನ ಕಾಲಿನ ಹರಡಿಗೆ ಹಗ್ಗ ಕಟ್ಟಿಕೊಳ್ಳುತ್ತೀರಿ. ಮೊದಲು ಮರಳಿನ ಮೇಲೆ ಬೋರಲು ಮಲಗಿ ಏಳುವ ಅಭ್ಯಾಸ, ಆಮೇಲೆ ಒಡೆದು ನೊರೆಯಾಗಿ ಬರುವ ಅಲೆಯಲ್ಲಿ. ನಾನು ಎದ್ದು ನಿಂತದ್ದು ನಾಲ್ಕನೇ ದಿನ, ಮೂರು ಎಣಿಸುವಷ್ಟು ಹೊತ್ತು. ಆ ಮೂರು ಎಣಿಕೆಯಲ್ಲಿ ದಡ ನನ್ನ ಕಡೆಗೆ ಓಡಿ ಬಂತು. ನೀರಿನಿಂದ ಎದ್ದು ನೋಡಿದರೆ ಹೇಳಿಕೊಳ್ಳಲು ಪಕ್ಕದಲ್ಲಿ ನನ್ನವರು ಯಾರೂ ಇಲ್ಲ. ಕಲಿಸುತ್ತಿದ್ದ ಹುಡುಗ ಎರಡೂ ಕೈ ಮೇಲೆತ್ತಿ, ‘ಅಕ್ಕಾ, ಆಯ್ತಲ್ಲಾ!’ ಎಂದು ಕೂಗಿದ. ಅದನ್ನು ಈಗಲೂ ನೆನೆಯುತ್ತೇನೆ.

ಈಗ ಆ ಮರಳಿನ ವಿಷಯ. ಐದನೇ ದಿನ ಮಧ್ಯಾಹ್ನ ಹಳೆಯಂಗಡಿಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ರಿಕ್ಷಾ ಹಿಡಿದು ಸಸಿಹಿತ್ಲುವಿಗೆ ಹೋದೆ. ನಂದಿನಿ, ಶಾಂಭವಿ ಎರಡೂ ನದಿಗಳು ಕೂಡಿ ಕಡಲು ಸೇರುವ ಅಳಿವೆ ಅಲ್ಲಿದೆ. ಒಂದು ಕಡೆ ಕಡಲು, ಇನ್ನೊಂದು ಕಡೆ ನದಿ, ನಡುವೆ ಗಾಳಿಮರಗಳ ಮರಳಪಟ್ಟಿ. ಕಡಲ್ಕೊರೆತಕ್ಕೆ ಬೇರು ಕಿತ್ತು ಬಿದ್ದ ಮರಗಳೂ ಇದ್ದವು. ಅಲೆ ಜೋರಾಗಿರುವ ಕಡೆ ಬೇಡವೆಂದು, ಅಲೆಯೇ ಇಲ್ಲದ ಸಮ ನೀರು ಕಂಡ ಕಡೆ ಸೊಂಟದವರೆಗೆ ಇಳಿದೆ. ಒಂದೇ ನಿಮಿಷದಲ್ಲಿ ಕಾಲ ಕೆಳಗಿನ ಮರಳು ಜಾರಿತು. ದಡಕ್ಕೆ ಹೆಜ್ಜೆ ಇಟ್ಟರೆ ಹೆಜ್ಜೆ ಊರುತ್ತಿಲ್ಲ. ದಡದಲ್ಲಿ ಬಲೆ ನೇಯುತ್ತ ಕೂತಿದ್ದ ಹಿರಿಯರೊಬ್ಬರು ಎದ್ದು ಓಡಿ ಬಂದು, ‘ಎದುರು ಬರ್ಬೇಡಿ, ಅಡ್ಡ ಹೋಗಿ, ಅಡ್ಡ!’ ಎಂದು ಕೈ ಬೀಸಿ ತೋರಿಸಿದರು. ಅವರು ತೋರಿಸಿದ ಕಡೆಗೆ, ದಡಕ್ಕೆ ಸಮಾನಾಂತರವಾಗಿ, ತೇಲುತ್ತ ತೆವಳುತ್ತ ಹೋದೆ. ಹದಿನೈದಿಪ್ಪತ್ತು ಮಾರು ದಾಟಿದ ಮೇಲೆ ಅಲೆ ಒಡೆಯುವ ದಿಬ್ಬ ಕಾಲಿಗೆ ಸಿಕ್ಕಿತು.

ನನಗೆ ನೀರು ಕುಡಿಸಿ, ಉಸಿರು ಸರಿಯಾಗುವವರೆಗೆ ಸುಮ್ಮನಿದ್ದು, ಆಮೇಲೆ ಅವರು ಹೇಳಿದ್ದು: ‘ಅಲೆ ಇಲ್ಲದ ಜಾಗ ನೋಡಿ ಇಳಿದದ್ದಲ್ವಾ? ಅಲೆ ಒಳಗೆ ತಂದ ನೀರು ಹೊರಗೆ ಹೋಗ್ಲಿಕ್ಕೆ ದಾರಿ ಬೇಕಲ್ಲ. ಅಲೆ ಇಲ್ಲದ ಕಡೆಯೇ ಅದರ ದಾರಿ. ನಾವು ದೋಣಿ ಇಳಿಸುದು ಸಹ ಅಲ್ಲೇ.’ ಮಾರನೆಯ ದಿನ ಕಲಿಸುವ ಹುಡುಗನಿಗೆ ಇದನ್ನು ಹೇಳಿದೆ. ಸರ್ಫ್ ಮಾಡುವವರು ಅಲೆಗಳಾಚೆಗೆ ಹೋಗಲು ಹಿಡಿಯುವುದೂ ಅದೇ ದಾರಿಯಂತೆ. ಇಲ್ಲಿನ ಮೀನುಗಾರರಾದ ಮೊಗವೀರರ ದೋಣಿಗೂ ಸರ್ಫಿಂಗಿನ ಹಲಗೆಗೂ ಕಡಲು ಒಂದೇ ಬಾಗಿಲು ತೆರೆದಿಟ್ಟಿದೆ. ಗೊತ್ತಿಲ್ಲದೆ ಅದೇ ಬಾಗಿಲಲ್ಲಿ ಕಾಲಿಟ್ಟ ಪ್ರವಾಸಿಗರು ಹೋಗಿಬಿಡುತ್ತಾರೆ. ಹೀಗಾಗಿ ನಿಮ್ಮನ್ನು ಕೈಮುಗಿದು ಕೇಳುತ್ತೇನೆ, ಅಳಿವೆಯ ಹತ್ತಿರ ನೀರಿಗೆ ಇಳಿಯಲೇಬೇಡಿ. ಬೇರೆ ಕಡೆಯೂ ದಡದಲ್ಲಿರುವ ಮೀನುಗಾರರನ್ನು ಒಂದು ಮಾತು ಕೇಳದೆ ಇಳಿಯಬೇಡಿ. ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ನೀರಿನ ಓಟ ಹೆಚ್ಚು. ಭರತ-ಇಳಿತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ನಿನ್ನೆ ಹತ್ತು ಗಂಟೆಗೆ ಇದ್ದ ಕಡಲು ಇವತ್ತು ಹತ್ತು ಗಂಟೆಗೆ ಇರುವುದಿಲ್ಲ.

‘ಒಬ್ಬಳೇ ಅಲ್ಲೇನು ಮಾಡ್ತೀಯ?’ ಎಂಬ ನಿಮ್ಮ ಅಮ್ಮನ ಪ್ರಶ್ನೆ ಸಣ್ಣದಲ್ಲ. ಬೆಳಗು ಹೇಗೋ ಹೋಗುತ್ತದೆ. ನನಗೆ ಕಷ್ಟವಾದದ್ದು ಸಂಜೆ ಆರರಿಂದ ಒಂಬತ್ತು. ಮೂರನೇ ಸಂಜೆ ಮನೆಗೆ ಎರಡು ಸಲ ಫೋನ್ ಮಾಡಿದೆ, ವಾಪಸು ಹೋಗುವ ಬಸ್ಸಿನ ಸಮಯವನ್ನೂ ನೋಡಿದೆ. ಅದನ್ನು ಕಂಡೋ ಏನೋ, ಮನೆಯ ಅಮ್ಮ ಮಾರನೆಯ ದಿನ ಬಪ್ಪನಾಡು ದುರ್ಗಾಪರಮೇಶ್ವರಿ ದೇವಸ್ಥಾನಕ್ಕೆ ಕರೆದೊಯ್ದರು. ಬಪ್ಪ ಬ್ಯಾರಿ ಎಂಬ ಮುಸ್ಲಿಂ ವ್ಯಾಪಾರಿಯ ದೋಣಿ ಶಾಂಭವಿಯಲ್ಲಿ ನಿಂತುಹೋಗಿ, ದೇವಿ ಅವನ ಕನಸಿನಲ್ಲಿ ಬಂದು ಗುಡಿ ಕಟ್ಟಿಸಿದಳೆಂಬ ಐತಿಹ್ಯವನ್ನು ಅವರು ನಿನ್ನೆ ನಡೆದದ್ದೆಂಬಂತೆ ಹೇಳಿದರು. ಜಾತ್ರೆಯಲ್ಲಿ ಇಂದಿಗೂ ಬ್ಯಾರಿ ಮನೆತನಕ್ಕೆ ಪ್ರಸಾದದ ಗೌರವ ಸಲ್ಲುತ್ತದೆ. ಬಪ್ಪನಾಡಿನ ದೊಡ್ಡ ಡೋಲು ನೋಡಲು ಮರೆಯಬೇಡಿ. ಇನ್ನೊಂದು ರಾತ್ರಿ ಹತ್ತಿರದ ಗದ್ದೆಯಲ್ಲಿ ಹರಕೆಯ ಯಕ್ಷಗಾನ. ಪಕ್ಕದ ಕುರ್ಚಿಯ ಅಜ್ಜಿ ಕಥೆ ಬಿಡಿಸಿ ಹೇಳುತ್ತ ಚುರುಮುರಿಯ ಪೊಟ್ಟಣ ನನ್ನ ಕಡೆ ಚಾಚುತ್ತಿದ್ದರು. ಯಕ್ಷಗಾನದ ಕಾಲ ನವೆಂಬರ್‌ನಿಂದ ಮೇವರೆಗೆ, ನೀವು ಹೋಗುವಾಗ ಎಲ್ಲಾದರೂ ಇದ್ದೇ ಇರುತ್ತದೆ. ಮನೆಯವರಿಗೆ ಹೇಳಿ, ಜೊತೆ ನೋಡಿಕೊಂಡು ಹೋಗಿ.

ಏಳನೇ ದಿನ ಕೈರಂಪಣಿ ನೋಡಿದೆ. ದೋಣಿಯಲ್ಲಿ ಬಲೆಯನ್ನು ಅರ್ಧಚಂದ್ರದ ಹಾಗೆ ಕಡಲಿಗೆ ಬಿಟ್ಟು ಬಂದು, ಎರಡೂ ತುದಿಯ ಹಗ್ಗವನ್ನು ದಡದಲ್ಲಿ ನಿಂತವರು ಎಳೆಯುತ್ತಾರೆ. ನೋಡುತ್ತ ನಿಂತಿದ್ದ ನನಗೂ ಒಬ್ಬರು ಹಗ್ಗದ ಕಡೆ ಕಣ್ಣಿನಲ್ಲೇ ಸನ್ನೆ ಮಾಡಿದರು. ಮುಕ್ಕಾಲು ಗಂಟೆ ಎಳೆದೆ, ಅಂಗೈ ಸುಲಿಯಿತು. ಬಲೆ ದಡಕ್ಕೆ ಬಂದಾಗ ಮೀನು ಹೆಚ್ಚಿರಲಿಲ್ಲ, ಬೂತಾಯಿ, ಒಂದಿಷ್ಟು ಬಂಗುಡೆ. ಪಾಲು ಹಾಕುವಾಗ ನನ್ನ ಹೆಸರಿಗೂ ಒಂದು ಬೊಗಸೆ ಬೂತಾಯಿ ತೆಗೆದಿಟ್ಟರು. ಬೇಡವೆಂದರೆ, ‘ಹಗ್ಗ ಹಿಡಿದವರಿಗೆ ಪಾಲು ಉಂಟು’ ಎಂದರು. ಅಷ್ಟು ಕಡಿಮೆ ಮೀನಿನಲ್ಲಿ ಪಾಲು ಕೊಟ್ಟರಲ್ಲ ಎಂದು ದಾರಿಯುದ್ದಕ್ಕೂ ಗಂಟಲು ಕಟ್ಟಿತ್ತು. ರಾತ್ರಿ ಮನೆಯ ಅಮ್ಮ ಅದರದೇ ಪುಳಿಮುಂಚಿ ಮಾಡಿದರು. ನೀವು ಮೀನು ತಿನ್ನದಿದ್ದರೂ ಹಗ್ಗ ಹಿಡಿಯಿರಿ, ಪಾಲನ್ನು ಉಳಿದುಕೊಂಡ ಮನೆಗೆ ಕೊಡಿ.

ನಿಮ್ಮ ಊಟಕ್ಕೆ ಏನೂ ತೊಂದರೆಯಿಲ್ಲ. ಬೆಳಿಗ್ಗೆ ಬನ್ಸ್, ನೀರುದೋಸೆ, ಸಂಜೆ ಗೋಳಿಬಜೆ. ಮಧ್ಯಾಹ್ನ ಕುಚ್ಚಲಕ್ಕಿ ಅನ್ನಕ್ಕೆ ನಿಮಗೆ ಎರಡು ದಿನ ಬೇಕಾಗಬಹುದು, ಮೂರನೇ ದಿನ ಬಿಡಲು ಮನಸ್ಸಾಗುವುದಿಲ್ಲ. ಮೂಲ್ಕಿಯ ಅನಾನಸು ಸಿಕ್ಕರೆ ತಿನ್ನಿ.

ಬಟ್ಟೆ: ನೀರಿಗೆ ಮೈಗೆ ಅಂಟುವ ತುಂಬುತೋಳಿನ ಟೀಶರ್ಟು, ಲೆಗ್ಗಿಂಗ್ಸ್. ಚೂಡಿದಾರ, ದುಪಟ್ಟಾ ಖಂಡಿತ ಬೇಡ, ನೀರು ಕುಡಿದು ಕಾಲು ಕಟ್ಟುತ್ತವೆ. ದಡದಿಂದ ಊರಿನೊಳಗೆ ಬರುವಾಗ ಮೇಲೊಂದು ಸಡಿಲ ಅಂಗಿ ಹಾಕಿಕೊಳ್ಳಿ. ಕತ್ತಲಾದ ಮೇಲೆ ನಿರ್ಜನ ಮರಳಿನಲ್ಲಿ ಒಬ್ಬಳೇ ನಡೆಯಬೇಡಿ. ತುರ್ತು ಸಹಾಯದ ಫೋನ್ ಸಂಖ್ಯೆ 112 ಎಲ್ಲಿದ್ದರೂ ನೆನಪಿರಲಿ. ಎಲ್ಲಿಗೆ ಹೋಗುತ್ತಿದ್ದೀರಿ, ಯಾವಾಗ ಬರುತ್ತೀರಿ ಎಂದು ಮನೆಯವರಿಗೆ ದಿನವೂ ಹೇಳಿ ಹೊರಡಿ. ಒಣಹಾಕಿದ ಬಲೆಯನ್ನು ಚಪ್ಪಲಿ ಕಾಲಲ್ಲಿ ದಾಟಬೇಡಿ. ಮೀನು ಮಾರುವ ಅಕ್ಕಂದಿರ ಫೋಟೊವನ್ನು ಕೇಳದೆ ತೆಗೆಯಬೇಡಿ. ಬುಟ್ಟಿಯೆದುರು ಕೂತು ‘ವಣಸ್ ಆಂಡಾ?’ ಎಂದು ಕೇಳಿ. ಊಟ ಆಯಿತಾ ಎಂದರ್ಥ. ತುಳುವಿನ ಆ ಎರಡು ಪದಕ್ಕೆ ನನಗೆ ಸಿಕ್ಕಷ್ಟು ಮಾತು ಬೇರೆ ಯಾವುದಕ್ಕೂ ಸಿಗಲಿಲ್ಲ.

ನಿಮ್ಮ ಅಮ್ಮನಿಗೆ ಇದನ್ನು ಓದಿ ಹೇಳಿ. ಆಮೇಲೂ ಅವರಿಗೆ ಭಯವಿದ್ದರೆ ಕೊನೆಯ ಎರಡು ದಿನಕ್ಕೆ ಅವರನ್ನೇ ಕರೆಸಿಕೊಳ್ಳಿ. ಮೊದಲ ಐದು ದಿನ ಮಾತ್ರ ನಿಮ್ಮದಾಗಿರಲಿ.

ಪ್ರಶ್ನೆ: ನನಗೆ 58. ನಿವೃತ್ತಿಯ ಹೊಸ್ತಿಲಿನಲ್ಲಿದ್ದೇನೆ. ಮಂಡಿನೋವಿದೆ. ನನ್ನಂಥವರು ಸರ್ಫಿಂಗ್ ಊರಿಗೆ ಹೋಗಿ ಪ್ರಯೋಜನವಿದೆಯೇ?
– ಒಬ್ಬ ಓದುಗ, ಹಾಸನ

ಉತ್ತರ: ಹಲಗೆಯ ಮೇಲೆ ಏಳುವಾಗ ಮಂಡಿಗೆ ಒಮ್ಮೆಲೇ ಭಾರ ಬೀಳುತ್ತದೆ, ವೈದ್ಯರನ್ನು ಕೇಳದೆ ಆ ಪ್ರಯತ್ನ ಬೇಡ. ಶಾಂಭವಿ ನದಿಯಲ್ಲಿ ಕಯಾಕ್ ಇದೆ, ಕೂತು ಹುಟ್ಟು ಹಾಕುವುದು. ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ನಡುವೆ ಹೋಗುವಾಗ ಇಳಿತದ ಹೊತ್ತಿನಲ್ಲಿ ಹೆಂಗಸರು ಸೊಂಟದ ನೀರಿನಲ್ಲಿ ನಿಂತು ಮರುವಾಯಿ (ಚಿಪ್ಪುಮೀನು) ಹೆಕ್ಕುವುದು ಕಾಣುತ್ತದೆ. ದೂರದಿಂದಲೇ ನೋಡಿ, ಹತ್ತಿರ ಹೋಗಿ ನೀರು ಕಲಕಬೇಡಿ. ಒಂದು ದಿನ ಪಡುಬಿದ್ರಿಗೆ ಹೋಗಿ. 2020ರಲ್ಲಿ ಬ್ಲೂ ಫ್ಲ್ಯಾಗ್ ಎಂಬ, ಸ್ವಚ್ಛ, ಸುರಕ್ಷಿತ ತೀರಕ್ಕೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ ಪಡೆದ ಕಡಲತೀರ ಅಲ್ಲಿದೆ, ಜೀವರಕ್ಷಕರು ಇರುತ್ತಾರೆ, ಮಂಡಿನೋವಿದ್ದವರಿಗೂ ನಡೆದಾಡಲು ಅನುಕೂಲ. ಇನ್ನೊಂದು ದಿನ ಕಾಪುವಿನ ದೀಪಸ್ತಂಭಕ್ಕೆ. 1901ರದು, ಬಂಡೆಯ ಮೇಲೆ ನಿಂತಿದೆ. ಮೇಲೆ ಹತ್ತದಿದ್ದರೂ ಬುಡದಲ್ಲಿ ಕೂತು ಸೂರ್ಯಾಸ್ತ ನೋಡಬಹುದು.

ಪ್ರಶ್ನೆ: ಜೂನ್, ಜುಲೈನಲ್ಲಿ ಮೀನುಗಾರಿಕೆ ನಿಲ್ಲುತ್ತದೆ ಎನ್ನುತ್ತಾರೆ. ಆಗ ಹೋದರೆ ಊರು ಇನ್ನೂ ಶಾಂತವಾಗಿರುತ್ತದಲ್ಲವೇ?
– ಓದುಗಿ, ಬೆಂಗಳೂರು

ಉತ್ತರ: ಶಾಂತ ಎಂಬ ಪದ ಆ ತಿಂಗಳುಗಳಿಗೆ ಹೊಂದುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಮೀನು ಮೊಟ್ಟೆಯಿಡುವ ಕಾಲವೆಂದು ಯಾಂತ್ರಿಕ ದೋಣಿಗಳಿಗೆ ನಿಷೇಧ. 10 ಅಶ್ವಶಕ್ತಿಯೊಳಗಿನ ಎಂಜಿನ್ನಿನ ನಾಡದೋಣಿಗಳಿಗೆ ಮಾತ್ರ ಅವಕಾಶ. ಅವರು ಹೋಗುವುದೂ ಕಡಲು ಒಪ್ಪಿದ ದಿನ. ಎಷ್ಟೋ ಮನೆಗಳಲ್ಲಿ ಆ ಎರಡು ತಿಂಗಳು ಕೈ ಬಿಗಿ ಇರುತ್ತದೆ. ನಿಮಗೆ ಶಾಂತವಾಗಿ ಕಾಣುವ ದಡ ಅವರಿಗೆ ದುಡಿಮೆಯಿಲ್ಲದ ದಡ.

ಆದರೂ ಹೋಗಬೇಡಿ ಎನ್ನಲಾರೆ. ಮಳೆಗಾಲದಲ್ಲಿ ಹೋಗುವವರು ಕಡಿಮೆ, ಕೋಣೆ ಬಾಡಿಗೆಗೆ ಕೊಡುವ ಮನೆಗಳಿಗೆ ನಿಮ್ಮಿಂದ ಉಪಕಾರವೇ ಆದೀತು. ಕಡಲಿಗೆ ಕಾಲು ಸಹ ಇಡಬೇಡಿ. ಚಾವಡಿಯಲ್ಲಿ ಕೂತು ಅದರ ಮೊರೆತ ಕೇಳಿ, ಪತ್ರೊಡೆ ತಿನ್ನಿ. ಆಗಸ್ಟ್‌ವರೆಗೆ ತಡೆಯಬಲ್ಲಿರಾದರೆ ನೂಲ ಹುಣ್ಣಿಮೆಯ ಹೊತ್ತಿಗೆ ಹೋಗಿ. ಮೊಗವೀರರು ಕಡಲಿಗೆ ಹಾಲು, ತೆಂಗಿನಕಾಯಿ ಅರ್ಪಿಸಿ ಸಮುದ್ರಪೂಜೆ ಮಾಡುತ್ತಾರೆ. ಹೋಗುವುದಾದರೆ ಎರಡು ಜೊತೆ ಬಟ್ಟೆ ಹೆಚ್ಚು ಇಟ್ಟುಕೊಳ್ಳಿ, ಅಲ್ಲಿ ಆಗ ಒಗೆದದ್ದು ಒಣಗಲು ಮೂರು ದಿನ ಬೇಕು.